ಯಾವ ಲಿಂಕು, ಯಾರ ಸರ್ವರು?



ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾವ ಹಳ್ಳಿಯ ಅರಳಿಕಟ್ಟೆಯ ಮೇಲೆ ಕುಳಿತರೂ ಮೊದಲು ಮಳೆಯ ಮಾತು ಬರುತ್ತದೆ, ಆಮೇಲೆ ಅಡಿಕೆ, ಕೊಬ್ಬರಿ, ಈರುಳ್ಳಿಯ ಧಾರಣೆ. ಮೂರನೆಯದಾಗಿ ಬರುವುದು ಫೋನಿನ ಮಾತು. "ಸರ್ವರ್ ಇಲ್ಲವಂತೆ", "ಒಟಿಪಿ ಬರಲಿಲ್ಲ", "ಲಿಂಕ್ ಆಗಿಲ್ಲ ಅಂದರು" ಎಂದು ಎಲ್ಲರೂ ಹೇಳುತ್ತಾರೆ. ಹಾಗೆಂದರೆ ಏನು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಸಲದ ಪಾಠ ಅಂಥ ಕೆಲವು ಪದಗಳನ್ನು ಕುರಿತದ್ದು. ಇದಕ್ಕೆ ಪರೀಕ್ಷೆ ಇಲ್ಲ, ಹಾಜರಿಯೂ ಇಲ್ಲ. ಪಾಠ ತಪ್ಪಿಸಿಕೊಂಡವರಿಗೆ ದಂಡ ಮಾತ್ರ ಉಂಟು. ಅದು ಬ್ಯಾಂಕಿನ ಖಾತೆಯಿಂದ ನೇರವಾಗಿ ವಸೂಲಾಗಿಬಿಡುತ್ತದೆ.

ಇಂಗ್ಲಿಷ್ ಪದಗಳೆಂದು ಅಂಜಬೇಕಾಗಿಲ್ಲ. ನಿಮ್ಮ ಪಹಣಿಯನ್ನು ತೆಗೆದು ನೋಡಿ. ತಂದೆಯ ಹೆಸರಿನ ಹಿಂದೆ 'ಬಿನ್' ಎಂದಿದೆ. ಅದು ಅರಬ್ಬಿ ಮಾತು, ಮಗ ಎಂದರ್ಥ. 'ಖರಾಬು' ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲ, 'ಹಿಸ್ಸಾ' ಅಲ್ಲ, 'ಜಮಾಬಂದಿ' ಅಲ್ಲ, 'ತಹಸೀಲ್ದಾರ್' ಎಂಬುದಂತೂ ಅಲ್ಲವೇ ಅಲ್ಲ. ಇವೆಲ್ಲ ಪಾರ್ಸಿ, ಅರಬ್ಬಿ, ಮರಾಠಿಯ ಕಡೆಯಿಂದ ಕುದುರೆ ಏರಿ ಬಂದ ಮಾತುಗಳು. ಆದರೂ ಖರಾಬು ಎಷ್ಟು ಗುಂಟೆ ಎಂಬ ಲೆಕ್ಕದಲ್ಲಿ ನಮ್ಮ ರೈತನನ್ನು ಮೋಸಗೊಳಿಸುವುದು ಸುಲಭವಲ್ಲ. ಏಕೆಂದರೆ ಆ ಪದಗಳ ಅರ್ಥ ಆತನಿಗೆ ಗೊತ್ತು. ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಜಾರಿಗೆ ಬಂದಾಗಲೂ ಹೀಗೇ ಗಲಿಬಿಲಿ ಆಗಿತ್ತು. ಆಣೆಗೆ ಆರೂಕಾಲು ನಯಾಪೈಸೆ; ಆ ಕಾಲು ಪೈಸೆ ಯಾರ ಜೇಬಿಗೆ ಎಂಬುದೇ ಸಂತೆಯಲ್ಲಿ ಜಗಳ. ಆಮೇಲೆ ಸೇರು ಹೋಗಿ ಕಿಲೋ ಬಂತು. ಈಗ 'ಕೇಜಿ' ಎನ್ನುವಾಗ ಅದು ಪರದೇಶದ ಮಾತೆಂದು ಯಾರಿಗೂ ಅನ್ನಿಸುವುದಿಲ್ಲ.

ಫೋನಿನ ವಿಚಾರದಲ್ಲಿಯೂ ನಮ್ಮ ಹಳ್ಳಿಗಳು ಸುಮ್ಮನೆ ಕುಳಿತಿಲ್ಲ. ಪಟ್ಟಣದವರು 'ರೀಚಾರ್ಜ್' ಎನ್ನುತ್ತಾರೆ, ನಾವು 'ಕರೆನ್ಸಿ ಹಾಕಿಸು' ಎನ್ನುತ್ತೇವೆ. ನಮ್ಮದೇ ಸರಿ, ಏಕೆಂದರೆ ಹಾಕಿಸುವುದು ಕರೆನ್ಸಿಯನ್ನೇ. ಅವರು 'ಸಿಗ್ನಲ್ ವೀಕ್' ಎಂದರೆ ನಾವು 'ಟವರ್ ಇಲ್ಲ' ಎನ್ನುತ್ತೇವೆ. ಗುಡ್ಡದ ಮೇಲೆ ಟವರ್ ಕಣ್ಣಿಗೆ ಕಾಣುತ್ತಿದ್ದರೂ ಸರಿಯೆ. ನ್ಯಾಯಬೆಲೆ ಅಂಗಡಿಯಲ್ಲಿ 'ಬಯೋಮೆಟ್ರಿಕ್ ದೃಢೀಕರಣ' ಎಂಬ ಉದ್ದನೆಯ ಮಾತು 'ತಂಬ್ ಕೊಡೋದು' ಆಗಿ ಕುಳಿತಿದೆ. 'ಗಣಕಯಂತ್ರ' ಎಂಬ ಪದವನ್ನು ವಿದ್ವಾಂಸರು ಟಂಕಿಸಿದರು. ಅದು ಪಠ್ಯಪುಸ್ತಕದಲ್ಲಿ ಸುಖವಾಗಿದೆ, ಕಟ್ಟೆಗೆ ಮಾತ್ರ ಇಳಿದು ಬಂದಿಲ್ಲ. ಹಾಗೆ ನೋಡಿದರೆ ಇಂಗ್ಲಿಷಿನಲ್ಲಿಯೂ 'ಕಂಪ್ಯೂಟರ್' ಎಂದರೆ ಮೊದಲಿಗೆ ಯಂತ್ರವಲ್ಲ, ಕುಳಿತು ಲೆಕ್ಕ ಹಾಕುವ ಮನುಷ್ಯ. ಆ ಲೆಕ್ಕದಲ್ಲಿ ನಮ್ಮ ಹಳೆಯ ಶಾನುಭೋಗರೇ ಈ ಸೀಮೆಯ ಮೊದಲ ಕಂಪ್ಯೂಟರ್. ಅವರೂ ಆಗಾಗ 'ನಾಳೆ ಬಾ' ಎನ್ನುತ್ತಿದ್ದರು.

ಈಗ ಸರ್ವರಿಗೆ ಬರೋಣ. ಬೀರೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ಹೋದರೆ ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು, ಒಂದೇ ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ಬರುತ್ತಾನಲ್ಲ, ಆತ ಸರ್ವರ್. ನೀವು ಕೇಳುತ್ತೀರಿ, ಆತ ಒಳಗೆ ಹೋಗಿ ಅಡಿಗೆಮನೆಯಿಂದ ತಂದು ಕೊಡುತ್ತಾನೆ. ಕಂಪ್ಯೂಟರಿನ ಸರ್ವರ್ ಎಂದರೂ ಅದೇ ಅರ್ಥ, ಅದೇ ಕೆಲಸ. ನೀವು ನಾಡಕಚೇರಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಪಹಣಿ ಕೇಳಿದಾಗ ಅಲ್ಲಿಯ ಹುಡುಗನ ಎದುರಿನ ಯಂತ್ರದಲ್ಲಿ ನಿಮ್ಮ ಪಹಣಿ ಇರುವುದಿಲ್ಲ. ಅದು ಬೆಂಗಳೂರಿನಲ್ಲಿರುವ ದೊಡ್ಡ ಯಂತ್ರಗಳಲ್ಲಿದೆ. ಹುಡುಗನ ಯಂತ್ರ ಕೇಳುತ್ತದೆ, ಅಲ್ಲಿಯ ಯಂತ್ರ ಹುಡುಕಿ ಬಡಿಸುತ್ತದೆ.

ಪಹಣಿ ಅಲ್ಲಿಗೆ ಹೋದದ್ದು ಹೇಗೆಂದರೆ, ೨೦೦೦ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ಅದಕ್ಕೆ ಮೊದಲು ಅವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದವು. ಲೆಕ್ಕಿಗರು ಸಿಕ್ಕರೆ ಪಹಣಿ, ಸಿಗದಿದ್ದರೆ ಇನ್ನೊಂದು ದಿನ. ಹೊಸ ಪದ್ಧತಿಯಲ್ಲಿ ಆರಂಭಕ್ಕೆ ೧೫ ರೂಪಾಯಿ ಕೊಟ್ಟು ಕಿಟಕಿಯಲ್ಲಿ ಅಚ್ಚಾದ ಪಹಣಿ ಪಡೆಯುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಊರಿಗೊಂದು ಚೀಲದಲ್ಲಿದ್ದುದು ನಾಡಿಗೊಂದು ಅಡಿಗೆಮನೆಗೆ ಹೋಯಿತು. ಮದುವೆಮನೆಯ ಮೊದಲ ಪಂಕ್ತಿಯಂತೆ ಎಲ್ಲರೂ ಒಮ್ಮೆಗೇ ಎಲೆ ಹಾಕಿಕೊಂಡು ಕುಳಿತರೆ ಬಡಿಸುವವನು ಎಲ್ಲಿಗೆಂದು ಓಡಿಯಾನು? ಬೆಳೆವಿಮೆಯ ಕೊನೆಯ ದಿನ, ರಾಗಿ ಖರೀದಿಗೆ ನೋಂದಣಿಯ ಮೊದಲ ದಿನ ಸರ್ವರ್ ಮಲಗುವುದು ಇದಕ್ಕೇ.

ಆದರೆ ಒಂದು ವಿಷಯ ತಿಳಿದಿರಬೇಕು. 'ಸರ್ವರ್ ಡೌನ್' ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ನಿಜವಾಗಿಯೇ ಬೆಂಗಳೂರಿನ ಯಂತ್ರ ನಿಂತಿರಬಹುದು. ಆಗ ಕಡೂರಿನಲ್ಲೂ ಇಲ್ಲ, ತರೀಕೆರೆಯಲ್ಲೂ ಇಲ್ಲ, ಕಾಯುವುದೇ ಗತಿ. ಇಲ್ಲವೆ ನಡುವಿನ ದಾರಿ ಕಡಿದಿರಬಹುದು. ರಸ್ತೆ ಬದಿಯಲ್ಲಿ ನೀರಿನ ಪೈಪಿಗೆಂದು ಜೆಸಿಬಿ ತೋಡುವಾಗ ನೆಲದೊಳಗಿನ ಕೇಬಲ್ ತುಂಡಾದರೆ ಆ ಊರಿಗೆ ಮಾತ್ರ ಸರ್ವರ್ ಇರುವುದಿಲ್ಲ. ಹತ್ತು ಮೈಲಿ ಆಚೆ ಇರುತ್ತದೆ. ಅಥವಾ ಆ ಕೋಣೆಯ ಕಂಪ್ಯೂಟರೇ ಕೆಟ್ಟಿರಬಹುದು, ಇಲ್ಲವೆ ಕುರ್ಚಿಯಲ್ಲಿರುವವನಿಗೆ ಊಟದ ಹೊತ್ತಾಗಿರಬಹುದು. ಆದ್ದರಿಂದ "ಸರ್ವರ್ ಇಲ್ಲ" ಎಂದ ಕೂಡಲೆ ಬಸ್ಸು ಹತ್ತಬೇಡಿ. "ಎಲ್ಲಾ ಕಡೆ ಇಲ್ಲವಾ, ಇಲ್ಲಿ ಮಾತ್ರ ಇಲ್ಲವಾ?" ಎಂದು ವಿನಯವಾಗಿ ಕೇಳಿ. ಪಕ್ಕದ ಹೋಬಳಿಯ ನೆಂಟರಿಗೆ ಒಂದು ಫೋನು ಮಾಡಿ. ಶಿವನಿಯಲ್ಲಿ ನಡೆಯುತ್ತಿದ್ದು ಅಜ್ಜಂಪುರದಲ್ಲಿ ನಡೆಯದಿದ್ದರೆ ಕಾಯಿಲೆ ಬೆಂಗಳೂರಿನದಲ್ಲ. ಕೆಲಸವಾದ ಮೇಲೆ ಅರ್ಜಿಯ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆಯತಕ್ಕದ್ದು. "ಹಾಕಿದ್ದೇನೆ ಹೋಗಿ" ಎಂಬ ಬಾಯಿಮಾತಿಗೆ ಸರ್ವರಿನಲ್ಲಿ ಜಾಗವಿಲ್ಲ.

ಇನ್ನು ಲಿಂಕು. ಈ ಪದದಷ್ಟು ನಮ್ಮನ್ನು ಓಡಾಡಿಸಿದ್ದು ಇನ್ನೊಂದಿಲ್ಲ. ನನ್ನ ಸಂಗತಿಯನ್ನೇ ಹೇಳುತ್ತೇನೆ. ಒಂದು ಸರ್ಕಾರಿ ಸಹಾಯಧನ ಬಾರದೆ ವಿಚಾರಿಸಲು ಹೋದಾಗ ಕಿಟಕಿಯಲ್ಲಿದ್ದವರು "ಯಜಮಾನ್ರೆ, ಆಧಾರ್ ಲಿಂಕ್ ಆಗೈತಾ?" ಎಂದರು. ನಾನು ಹಿಂದೆಯೇ ಬ್ಯಾಂಕಿಗೆ ಹೋಗಿ ಆಧಾರ್ ನಕಲು ಕೊಟ್ಟಿದ್ದೆ. ಆದ್ದರಿಂದ ಧೈರ್ಯವಾಗಿ "ಹೂಂ, ಆಗೈತೆ" ಎಂದೆ. ಎರಡು ತಿಂಗಳು ಕಾದೆ. ಮತ್ತೆ ಹೋದೆ, ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ "ಹೂಂ". ಮೂರನೆಯ ಸಲ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಒಬ್ಬ ಹೆಂಗಸು ತಾಳ್ಮೆಗೆಟ್ಟು, "ಯಾವ ಲಿಂಕು ಅಂತ ಕೇಳಣ್ಣ" ಎಂದರು. ಕೇಳಿದೆ. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಎರಡು ಬಸ್ ಚಾರ್ಜು ಉಳಿಯುತ್ತಿತ್ತು. ಗೊತ್ತಿಲ್ಲ ಎಂದು ಹೇಳಲು ನನಗೆ ನಾಚಿಕೆ, ಅಷ್ಟೆ.

ಸಂಗತಿ ಹೀಗಿದೆ. ಆಧಾರ್ ಸಂಖ್ಯೆಯನ್ನು ಬ್ಯಾಂಕಿನ ಖಾತೆಗೆ ಗುರುತಿಗಾಗಿ ಸೇರಿಸುವುದು ಒಂದು ಲಿಂಕು. ಅದಾದರೆ ಬ್ಯಾಂಕಿಗೆ ನೀವು ಯಾರೆಂದು ಗೊತ್ತಾಯಿತು, ಅಷ್ಟೆ. ಸರ್ಕಾರದ ಹಣ ನೇರವಾಗಿ ಬೀಳಬೇಕಾದರೆ ಇನ್ನೊಂದು ಬೇಕು: ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿ 'ಈ ಆಧಾರ್‌ಗೆ ಬರುವ ಹಣ ಈ ಬ್ಯಾಂಕಿಗೆ' ಎಂದು ಬರೆಸಬೇಕು. ಇದಕ್ಕೆ ಬ್ಯಾಂಕಿನಲ್ಲಿ 'ಸೀಡಿಂಗ್' ಎನ್ನುತ್ತಾರೆ. ಬಿತ್ತನೆ ಎಂದೇ ಅರ್ಥ. ಈ ಒಂದು ಪದವಾದರೂ ನಮಗೆ ಹೊಂದುವಂತಿದೆ. ನಿಮಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೂ, ನಾಲ್ಕಕ್ಕೂ ಆಧಾರ್ ಕೊಟ್ಟಿದ್ದರೂ, ಈ ಪಟ್ಟಿಯಲ್ಲಿ ಇರುವುದು ಒಂದೇ. ಹಸು ಎಷ್ಟು ಹೊಲದಲ್ಲಿ ಮೇದರೂ ಸಂಜೆ ಕಟ್ಟುವ ಗೂಟ ಒಂದೇ ಅಲ್ಲವೆ, ಹಾಗೆ. ಯಾವ ಖಾತೆಯನ್ನು ಕೊನೆಯದಾಗಿ ಬಿತ್ತಿಸಿದಿರೋ ಹಣ ಅಲ್ಲಿಗೆ ಹೋಗುತ್ತದೆ. ೨೦೨೩ರಲ್ಲಿ ಗೃಹಲಕ್ಷ್ಮಿಯ ೨,೦೦೦ ರೂಪಾಯಿ ಆರಂಭವಾದಾಗ ಎಷ್ಟೋ ಮನೆಗಳಲ್ಲಿ 'ಬಂದಿಲ್ಲ' ಎಂಬ ಕೂಗೆದ್ದಿತು. ಹುಡುಕಿದರೆ ಕೆಲವರದು ಮರೆತೇಹೋಗಿದ್ದ ಹಳೆಯ ಖಾತೆಗೆ ಹೋಗಿ ಕುಳಿತಿತ್ತು. ಪಾಸ್‌ಬುಕ್ ಪೆಟ್ಟಿಗೆಯ ತಳದಲ್ಲಿತ್ತು.

ಮೂರನೆಯ ಲಿಂಕು ಆಧಾರ್‌ಗೂ ಮೊಬೈಲ್ ನಂಬರಿಗೂ. ಇದಿಲ್ಲದಿದ್ದರೆ ಒಟಿಪಿ ಬಾರದು. ಕರೆನ್ಸಿ ಹಾಕಿಸದೆ ಸತ್ತುಹೋದ ಹಳೆಯ ನಂಬರು ಆಧಾರ್‌ನಲ್ಲಿ ಉಳಿದಿದ್ದರೆ ನಿಮ್ಮ ಒಟಿಪಿ ಇನ್ಯಾರಿಗೋ ಹೋದೀತು, ಏಕೆಂದರೆ ಕಂಪನಿಯವರು ಸತ್ತ ನಂಬರನ್ನು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತಾರೆ. ನಾಲ್ಕನೆಯದು ಆಧಾರ್‌ಗೂ ಪಹಣಿಗೂ. ಇದನ್ನು ಕಂದಾಯ ಇಲಾಖೆಯವರು ೨೦೨೪ರಲ್ಲಿ ಊರೂರಿಗೆ ಬಂದು ಮಾಡಿಸಿದರು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಯಾರ ಆಧಾರ್ ಜೋಡಿಸುವುದು? ಪೌತಿ ಖಾತೆ ಮಾಡಿಸದೆ ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಅದಕ್ಕೆ ಕಂಪ್ಯೂಟರ್ ಏನು ಮಾಡೀತು!

ಇದರ ಮೇಲೆ 'ಫ್ರೂಟ್ಸ್' ಬೇರೆ. "ಫ್ರೂಟ್ಸ್ ಮಾಡಿಸಿದ್ದೀರಾ?" ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದಾಗ "ಇಲ್ಲ ಸ್ವಾಮಿ, ನಮ್ಮದು ತೆಂಗು, ರಾಗಿ" ಎಂದು ಉತ್ತರ ಕೊಟ್ಟವರನ್ನು ನಾನು ಕಂಡಿದ್ದೇನೆ. ನಗಬೇಡಿ, ತಪ್ಪು ಹೆಸರಿಟ್ಟವರದು. ಅದು ಹಣ್ಣಲ್ಲ, ರೈತರ ನೋಂದಣಿ ಪುಸ್ತಕ. ನಿಮ್ಮ ಹೆಸರು, ಆಧಾರ್, ಎಲ್ಲ ಸರ್ವೆ ನಂಬರುಗಳು ಅದರಲ್ಲಿ ಒಂದೇ ಸಂಖ್ಯೆಯ ಕೆಳಗೆ ಬರುತ್ತವೆ. ಬಿತ್ತನೆ ಬೀಜದ ರಿಯಾಯಿತಿ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆಗೆ ರಾಗಿ ಮಾರುವುದು ಎಲ್ಲಕ್ಕೂ ಆ ಸಂಖ್ಯೆ ಬೇಕು. ಹೊಸದಾಗಿ ಕೊಂಡ ಎರಡು ಎಕರೆ ಆ ಪುಸ್ತಕಕ್ಕೆ ಸೇರದಿದ್ದರೆ ಆ ಎರಡು ಎಕರೆಯ ರಾಗಿಗೆ ಬೆಂಬಲ ಬೆಲೆಯೂ ಇಲ್ಲ. ಈಗ ದನಗಳಿಗೂ ಕಿವಿಯೋಲೆ ಹಾಕಿ ೧೨ ಅಂಕಿಯ ಸಂಖ್ಯೆ ಕೊಡುತ್ತಾರೆ. ಯಜಮಾನನಿಗೂ ೧೨, ಎತ್ತಿಗೂ ೧೨. ಎತ್ತಿಗೆ ಒಂದು ಅನುಕೂಲವುಂಟು, ಸಂಖ್ಯೆಯನ್ನು ಮನೆಯಲ್ಲಿ ಮರೆತು ಬರುವುದಿಲ್ಲ.

ಇಷ್ಟು ಲಿಂಕುಗಳು ಮಾಡಿಸಲೇಬೇಕಾದವು. ಇನ್ನೊಂದು ಲಿಂಕು ಉಂಟು, ಅದನ್ನು ಮುಟ್ಟಲೇಬಾರದು. ಇಲ್ಲಿಯೇ ನಮ್ಮ ಜನ ಬಿದ್ದಿರುವುದು. ಇಲಾಖೆಯವರು ಮೈಕಿನಲ್ಲಿ "ಲಿಂಕ್ ಮಾಡಿಸಿ, ಲಿಂಕ್ ಮಾಡಿಸಿ" ಎಂದು ಕೂಗಿಕೊಂಡು ಹೋಗುತ್ತಾರೆ. ಹಿಂದೆಯೇ ಪೊಲೀಸಿನವರು ಬಂದು "ಲಿಂಕ್ ಒತ್ತಬೇಡಿ, ಲಿಂಕ್ ಒತ್ತಬೇಡಿ" ಎನ್ನುತ್ತಾರೆ. ಯಾರ ಮಾತು ಕೇಳುವುದು? ಇಬ್ಬರದೂ ಸರಿ. ಫೋನಿಗೆ ಬರುವ ಸಂದೇಶದಲ್ಲಿ ನೀಲಿ ಅಕ್ಷರದ ಸಾಲೊಂದು ಇರುತ್ತದೆ. ಅದನ್ನು ಒತ್ತಿದರೆ ಬೇರೆ ಎಲ್ಲಿಗೋ ಕರೆದುಕೊಂಡು ಹೋಗುತ್ತದೆ. ಅದಕ್ಕೂ ಲಿಂಕ್ ಎಂದೇ ಹೆಸರು. ಅದೊಂದು ಬಾಗಿಲು. ಬಾಗಿಲ ಮೇಲೆ ಬರೆದಿರುವುದು ಒಂದು, ಒಳಗೆ ಕುಳಿತಿರುವವನು ಇನ್ನೊಬ್ಬ.

ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬಂದ ಮೋಸಗಳು ಇಂಥವು. ೨೦೧೯ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ ೬,೦೦೦ ರೂಪಾಯಿ, ೨,೦೦೦ದಂತೆ ಮೂರು ಕಂತು. ಅದಕ್ಕೆ ಇ-ಕೆವೈಸಿ ಮಾಡಿಸಬೇಕು. ನೀವು ನೀವೇ ಎಂದು ಒಮ್ಮೆ ರುಜುವಾತು ಕೊಡುವುದೇ ಕೆವೈಸಿ. ಕಳ್ಳನಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಅವನು "ನಿಮ್ಮ ಕೆವೈಸಿ ಮುಗಿದಿದೆ, ಕಂತು ನಿಲ್ಲುತ್ತದೆ, ಇದನ್ನು ಒತ್ತಿ" ಎಂದು ಕಳುಹಿಸುತ್ತಾನೆ. ಜೊತೆಗೆ ಬರುವ ಕಡತದ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಎಪಿಕೆ ಎಂದರೆ ಫೋನಿನೊಳಗೆ ಹೊಸ ಆಪ್ ಒಂದನ್ನು ಇಳಿಸುವ ಗಂಟು. ಗುರುತಿಲ್ಲದವನನ್ನು ಮನೆಯಾಳಾಗಿ ಇಟ್ಟುಕೊಂಡಂತೆ ಅದು. ಒಳಗೆ ಸೇರಿದ ಮೇಲೆ ನಿಮಗೆ ಬರುವ ಪ್ರತಿಯೊಂದು ಸಂದೇಶವನ್ನೂ ಅದು ಓದಬಲ್ಲದು. ಆಗ ಒಟಿಪಿಯನ್ನು ನೀವು ಬಾಯಿಬಿಟ್ಟು ಹೇಳಬೇಕಾದ್ದೂ ಇಲ್ಲ. ಬೇಕಾದ ಆಪನ್ನು ಫೋನಿನಲ್ಲಿಯೇ ಇರುವ ಪ್ಲೇ ಸ್ಟೋರಿನಿಂದ ಹಾಕಿಸಿಕೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದು ಸ್ವಂತ ಭಾವಮೈದುನನೇ ಕಳುಹಿಸಿದ್ದಾದರೂ ಬೇಡ. ಅವನ ಫೋನು ಆಗಲೇ ಕಳ್ಳನ ಕೈಯಲ್ಲಿರಬಹುದು.

ಒಟಿಪಿ ಎಂದು ಎಷ್ಟೋ ಸಲ ಬಂತು, ಅದೇನೆಂದು ನೋಡೋಣ. ಒಂದೇ ಸಲ ನಡೆಯುವ ಗುಟ್ಟಿನ ಅಂಕಿ ಅದು. ಕೆಲವು ನಿಮಿಷಗಳಲ್ಲಿ ಸತ್ತುಹೋಗುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಷರ, ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಅದು ಹೆಬ್ಬೆಟ್ಟು. ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಪ್ರತಿ ಊರಿನಲ್ಲೂ ಒಂದಾದರೂ ಇದೆ. ಅಜ್ಜ ನಂಬಿ ಒತ್ತಿದರು, ಮೇಲೆ ಏನು ಬರೆದರೋ ಗೊತ್ತಾಗಲಿಲ್ಲ. ಫೋನಿನಲ್ಲಿ ಗುರುತಿಲ್ಲದವನಿಗೆ ಒಟಿಪಿ ಹೇಳುವುದೂ ಅದೇ ಖಾಲಿ ಕಾಗದ. ಮೇಲೆ ಬರೆಯುವವನು ಅವನು.

ಹಾಗೆಂದು ಯಾರಿಗೂ ಹೇಳಲೇಬಾರದೆಂದರೆ ಕೆಲಸ ನಡೆಯುವುದಿಲ್ಲ. ಸೇವಾ ಕೇಂದ್ರದಲ್ಲಿ ನಿಮ್ಮ ಎದುರಿಗೇ ಅರ್ಜಿ ತುಂಬುವಾಗ "ಒಟಿಪಿ ಬಂತಾ ಅಮ್ಮ, ಹೇಳಿ" ಎನ್ನುತ್ತಾರೆ. ಹೇಳಲೇಬೇಕು. ಭೇದ ತಿಳಿಯುವುದು ಹೇಗೆ? ಅಂಕಿಯನ್ನು ಮಾತ್ರ ಓದಬೇಡಿ, ಸಂದೇಶವನ್ನು ಪೂರ್ತಿ ಓದಿ. ಯಾರು ಕಳುಹಿಸಿದ್ದು, ಯಾವ ಕೆಲಸಕ್ಕೆ ಎಂಬುದು ಅದರಲ್ಲಿಯೇ ಇರುತ್ತದೆ. ಬ್ಯಾಂಕಿನದಾದರೆ ಎಷ್ಟು ರೂಪಾಯಿ ಎಂಬುದೂ ಸಾಮಾನ್ಯವಾಗಿ ಇರುತ್ತದೆ. ಇಂಗ್ಲಿಷಿನಲ್ಲಿದ್ದರೆ ಏಳನೆಯ ತರಗತಿಯ ಮೊಮ್ಮಗಳಿಂದ ಓದಿಸಿ. ನೀವು ಕುಳಿತಿರುವುದು ಜಾತಿ ಪ್ರಮಾಣಪತ್ರಕ್ಕೆ, ಸಂದೇಶದಲ್ಲಿರುವುದು ೧೯,೦೦೦ ರೂಪಾಯಿ ಎಂದರೆ ಎದ್ದು ಬನ್ನಿ. ಇನ್ನು ಪಿನ್ ಎಂಬುದು ಬೇರೆಯೇ. ಒಟಿಪಿ ಒಂದು ದಿನದ ಕೂಲಿಯಾದರೆ ಪಿನ್ ತಿಜೋರಿಯ ಕೀಲಿಕೈ. ಅದನ್ನು ಎದುರಿಗಿದ್ದವರಿಗೂ ಹೇಳುವಂತಿಲ್ಲ, ಮಗನಿಗೂ ಅಲ್ಲ; ಮಗನಿಗೆ ಹೇಳಿ ಕೆಟ್ಟವರ ವಿಚಾರ ಈ ಪಾಠದ ಹೊರಗಿನದು.

ಜಾತ್ರೆಯ ದನದ ವ್ಯಾಪಾರದಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ನೋಡಿದ್ದೀರಿ. ಸುತ್ತ ನೂರು ಜನ ನಿಂತಿದ್ದರೂ ದರ ಗೊತ್ತಾಗುವುದು ಇಬ್ಬರಿಗೇ. ಫೋನಿನಲ್ಲಿ 'ಎನ್‌ಕ್ರಿಪ್ಷನ್' ಎಂದು ಬರೆದಿರುತ್ತದಲ್ಲ, ಅದು ಈ ಟವಲು. ಸಂದೇಶ ದಾರಿಯಲ್ಲಿ ಹೋಗುವಾಗ ಮೂರನೆಯವನಿಗೆ ತಿಳಿಯದಂತೆ ಮುಚ್ಚುವುದು ಅದರ ಕೆಲಸ. ಟವಲಿನ ಒಳಗೆ ಕೈ ಹಿಡಿದವನೇ ಮೋಸಗಾರನಾದರೆ ಟವಲು ಏನೂ ಮಾಡಲಾರದು.

ಹಣ ಹೋಯಿತೆಂದು ತಿಳಿದರೆ ಅಳುತ್ತ ಕೂರಬೇಡಿ. ಮನೆಯವರಿಂದ ಮುಚ್ಚಿಡಲೂ ಬೇಡಿ. ತಕ್ಷಣ ೧೯೩೦ಕ್ಕೆ, ಅಂದರೆ ಒಂದು, ಒಂಬತ್ತು, ಮೂರು, ಸೊನ್ನೆಗೆ ಫೋನು ಮಾಡತಕ್ಕದ್ದು. ಹೋದ ಹಣ ಕಳ್ಳನ ಕೈಗೆ ನೋಟಾಗಿ ಸೇರುವ ಮುನ್ನ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ಆ ಓಟದಲ್ಲಿಯೇ ಅದನ್ನು ತಡೆಯಬೇಕು. ಒಡೆದ ಏರಿಗೆ ಮಣ್ಣು ಹಾಕುವುದು ಬೆಳಗಾದ ಮೇಲೆ ಎಂದರೆ ಕೆರೆಯಲ್ಲಿ ನೀರಿರುವುದಿಲ್ಲ.

ಅಂಗಡಿಯ ಮುಂದೆ, ದೇವಸ್ಥಾನದ ಹುಂಡಿಯ ಪಕ್ಕದಲ್ಲಿ ಅಂಟಿಸಿರುವ ಕಪ್ಪು ಬಿಳುಪಿನ ಚೌಕ ಕ್ಯೂಆರ್ ಕೋಡು. ಇದನ್ನು ೧೯೯೪ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕವಿಡಲು ಮಾಡಿದರು. ದಿಟ್ಟಿಸಿ ನೋಡಿದರೆ ಅದರ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ, ನಾಲ್ಕನೆಯದರಲ್ಲಿ ಇಲ್ಲ. ಅವು ನಮ್ಮ ಹೊಲದ ಬಾಂದುಕಲ್ಲುಗಳಿದ್ದಂತೆ. ಮೂರು ಕಲ್ಲು ಸಿಕ್ಕರೆ ಭೂಮಾಪಕರು ಹೊಲದ ದಿಕ್ಕು, ಅಳತೆ ಹಿಡಿಯುವಂತೆ ಫೋನಿನ ಕ್ಯಾಮೆರಾ ಮೇಲು ಯಾವುದು, ಕೆಳಗು ಯಾವುದು ಎಂದು ಹಿಡಿಯುತ್ತದೆ. ಚೂರು ಹರಿದರೂ, ಮೇಲೆ ಕುಂಕುಮ ಬಿದ್ದರೂ ಓದುವಂತೆ ಅದರಲ್ಲಿ ವಿಷಯವನ್ನು ಹೆಚ್ಚಿಗೆ ತುಂಬಿರುತ್ತಾರೆ. ಒಳ್ಳೆಯ ಯುಕ್ತಿ. ೨೦೧೬ರಲ್ಲಿ ಯುಪಿಐ ಬಂದ ಮೇಲೆ ಅದು ನಮ್ಮ ಸಂತೆಗೂ ಇಳಿಯಿತು.

ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ. ಹಣ ಬರಬೇಕಾದರೆ ನೀವು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. "ನಿಮ್ಮ ಎಮ್ಮೆಗೆ ಮುಂಗಡ ಕಳುಹಿಸುತ್ತೇನೆ, ಈ ಕೋಡು ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದರೆ ಎಮ್ಮೆಯೂ ಉಳಿಯಿತು, ಹಣವೂ ಉಳಿಯಿತು ಎಂದು ಫೋನು ಇಟ್ಟುಬಿಡಿ. ಈರುಳ್ಳಿ, ಎಳನೀರು ಮಾರುವವರು ಗಿರಾಕಿ ತೋರಿಸುವ ಚಿತ್ರವನ್ನು ನಂಬದೆ ತಮ್ಮ ಫೋನಿನಲ್ಲೇ ಹಣ ಬಂದದ್ದನ್ನು ನೋಡಿಕೊಳ್ಳಬೇಕು. ಆ ಚಿತ್ರ ನಿನ್ನೆಯದಿರಬಹುದು, ಬರೆದದ್ದೂ ಇರಬಹುದು.

ಸಣ್ಣ ಪುಟ್ಟ ಪದಗಳು ಇನ್ನೂ ಹಲವು. 'ಕ್ಲೌಡ್' ಎಂದರೆ ಮೋಡ. ಅಲ್ಲಿ ಫೋಟೋ ಇಟ್ಟಿದ್ದೇವೆ ಎನ್ನುತ್ತಾರೆ. ಕಡೂರು ಬಯಲಿನವರಿಗೆ ಮೋಡವನ್ನು ನಂಬುವ ಅಭ್ಯಾಸವಿಲ್ಲ. ತಲೆಯ ಮೇಲೆ ಹಾದುಹೋಗಿ ಲಕ್ಕವಳ್ಳಿಯ ಕಡೆ ಸುರಿಯುತ್ತದೆ. ಈ ಕ್ಲೌಡು ಆಕಾಶದಲ್ಲಿಲ್ಲ, ನೆಲದ ಮೇಲೆ ಇನ್ನೊಬ್ಬರ ಕಟ್ಟಡದಲ್ಲಿದೆ. ಫೋನು ಬಾವಿಗೆ ಬಿದ್ದರೂ ಫೋಟೋ ಉಳಿಯುತ್ತದೆ, ಆದರೆ ಅದರ ಪಾಸ್‌ವರ್ಡ್ ನೆನಪಿರಬೇಕು. 'ಬಗ್' ಎಂದರೆ ಹುಳ. ೧೯೪೭ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಗಣಕದೊಳಗೆ ನಿಜವಾಗಿಯೇ ಪತಂಗವೊಂದು ಸಿಕ್ಕಿಬಿದ್ದಿತ್ತು, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟಿದ್ದಾರೆ. ಆ ಹುಳಕ್ಕೆ ಔಷಧಿ ಹೊಡೆಯುವಂತಿರಲಿಲ್ಲ. 'ಬ್ಲೂಟೂತ್' ಎಂಬುದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಒಬ್ಬ ದೊರೆಯ ಅಡ್ಡಹೆಸರು, ನೀಲಿ ಹಲ್ಲು. ಅಮೃತಾಪುರದಲ್ಲಿ ೧೧೯೬ರಲ್ಲಿ ಅಷ್ಟು ಚೆಂದದ ಗುಡಿ ಕಟ್ಟಿಸಿದ ದಂಡನಾಯಕನ ಹೆಸರನ್ನು ಯಾರೂ ಯಾವ ಯಂತ್ರಕ್ಕೂ ಇಡಲಿಲ್ಲ.

೬೪ ಜಿಬಿ ಫೋನು ಕೊಂಡರೆ ಒಳಗೆ ಅಷ್ಟು ಜಾಗ ಏಕಿರುವುದಿಲ್ಲ ಎಂದು ಹುಡುಗರು ಕೇಳುತ್ತಾರೆ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಅಳತೆ ಇದ್ದ ಕಾಲ ನೆನಪಿರುವವರಿಗೆ ಇದು ಸುಲಭ. ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಯಂತ್ರ ಎಷ್ಟೋ ಸಲ ೧,೦೨೪ರ ಲೆಕ್ಕದಲ್ಲಿ ಅಳೆಯುತ್ತದೆ. ಅಲ್ಲದೆ ಫೋನು ತನ್ನ ಸ್ವಂತ ಸಾಮಾನಿಗೆಂದು ಒಂದು ಕೋಣೆಯನ್ನು ಮೊದಲೇ ಹಿಡಿದುಕೊಂಡಿರುತ್ತದೆ. 'ಅಪ್‌ಡೇಟ್' ಎಂದು ಕೇಳಿದರೆ ಬೇಡವೆನ್ನಬೇಡಿ. ಬೇಲಿಯಲ್ಲಿ ಬಿದ್ದ ಕಂಡಿಯನ್ನು ಮುಚ್ಚುವ ಕೆಲಸ ಅದರಲ್ಲಿರುತ್ತದೆ. ಕೆಲವು ಅಪ್‌ಡೇಟು ಹೆಸರು ಬದಲಿಸುವುದಕ್ಕೆ ಮಾತ್ರ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ. ಅಜ್ಜಂಪುರದ ಕಾವಲಿನಲ್ಲಿ ಮೇಯುವ ಆ ತಳಿಯ ದನಗಳಿಗೆ ಅದು ಇನ್ನೂ ತಿಳಿದಂತಿಲ್ಲ.

ಜಿಪಿಎಸ್ ವಿಚಾರ ಸ್ವಲ್ಪ ಹೇಳಬೇಕು, ಏಕೆಂದರೆ ಇದರಲ್ಲಿ ಪರಿಹಾರದ ಹಣ ಅಡಗಿದೆ. ಬೆಳೆ ಸಮೀಕ್ಷೆಯ ಆಪಿನಲ್ಲಿ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಕಳುಹಿಸಬಹುದು. ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಫೋನಿಗೆ ತಿಳಿಯುವುದು ಸುಮಾರು ೨೦,೦೦೦ ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳಿಂದ. ಕಡಿಮೆಯೆಂದರೆ ನಾಲ್ಕರ ದನಿ ಅದಕ್ಕೆ ಕೇಳಬೇಕು. ದಟ್ಟವಾದ ಅಡಿಕೆ ತೋಟದ ಒಳಗೆ ಆ ದನಿ ಮಂಕಾಗುತ್ತದೆ, ಗುರುತು ಪಕ್ಕದವರ ತೋಟಕ್ಕೆ ಜಾರಬಹುದು. ನಿಮ್ಮ ಗಡಿಯೊಳಗೇ ಆಕಾಶ ಕಾಣುವ ಕಡೆ ನಿಂತು ಒಂದೆರಡು ನಿಮಿಷ ಕಾದು ತೆಗೆಯಿರಿ. ಮನೆಯ ಜಗಲಿಯಲ್ಲಿ ಕುಳಿತು ಆಗುವ ಕೆಲಸವಲ್ಲ ಇದು. ಬೇರೆಯವರು ಬಂದು ತೆಗೆದಿದ್ದರೆ ಏನು ಬರೆದಿದ್ದಾರೆಂದು 'ಬೆಳೆ ದರ್ಶಕ' ಆಪಿನಲ್ಲಿ ನೋಡಬಹುದು. ನೀವು ಬೆಳೆದದ್ದು ಈರುಳ್ಳಿ, ಅಲ್ಲಿರುವುದು ಜೋಳ ಎಂದಿ‌ದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಬೇಕು. ಈರುಳ್ಳಿ ಕೊಳೆತಾಗ ಜೋಳದ ಪಹಣಿ ಹಿಡಿದು ಪರಿಹಾರ ಕೇಳಿದರೆ ಯಾರೂ ಕೊಡುವುದಿಲ್ಲ.

ಕೊನೆಯದಾಗಿ ಬೆರಳಿನ ಮಾತು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ನಮ್ಮ ಹೆಣ್ಣುಮಕ್ಕಳ ಬೆರಳ ತುದಿಗಳನ್ನು ನೋಡಿದ್ದೀರಿ. ಚೊಗರು ಹಿಡಿದು, ಸಿಪ್ಪೆ ತಾಗಿ, ಗೆರೆಗಳೇ ಸವೆದಿರುತ್ತವೆ. ಅಂಥವರು ತಂಬ್ ಕೊಟ್ಟರೆ ಯಂತ್ರ ಒಪ್ಪುವುದಿಲ್ಲ. "ಹೊಂದಲಿಲ್ಲ ಅಜ್ಜಿ, ಕೈ ತೊಳೆದುಕೊಂಡು ಬಾ" ಎನ್ನುತ್ತಾರೆ. ಐವತ್ತು ವರ್ಷ ದುಡಿದ ಕೈ ಒಂದು ಸಲ ತೊಳೆದರೆ ಹೊಂದೀತೆ? ಆಗ ಬರಿಗೈಯಲ್ಲಿ ವಾಪಸಾಗಬಾರದು. ಹತ್ತು ಬೆರಳಲ್ಲಿ ಬೇರೆ ಯಾವುದಾದರೂ ಹೊಂದುತ್ತದೆಯೇ ನೋಡಲು ಹೇಳಿ. ಕಣ್ಣಿನ ಪಾಪೆಯ ಗುರುತು ಹಿಡಿಯುವ ಯಂತ್ರ ಇದೆಯೇ, ಫೋನಿಗೆ ಒಟಿಪಿ ತರಿಸಿ ಮಾಡಲಾದೀತೇ ಎಂದು ಕೇಳಿ. ಪಿ.ಎಂ. ಕಿಸಾನ್‌ಗೆ ೨೦೨೩ರಿಂದ ಮುಖ ತೋರಿಸಿಯೂ ಇ-ಕೆವೈಸಿ ಮಾಡಬಹುದು. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಿನ ಗುರುತನ್ನು ಹೊಸದಾಗಿ ಕೊಡುವುದೂ ಆಗುತ್ತದೆ. ಹೋಗುವುದಾದರೆ ಸುಲಿಗೆ ಮುಗಿದು ಒಂದೆರಡು ತಿಂಗಳಾದ ಮೇಲೆ, ಬೆರಳಿಗೆ ಮತ್ತೆ ಗೆರೆ ಮೂಡಿದಾಗ ಹೋಗಿ.